ಅಕ್ಕ ಕೇಳಿದ ಕಾನೂನು

ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ವಾರಾಣಸಿಗೆ ಬಂದ ಮರುವರ್ಷ, ಧಾರವಾಡದಿಂದ ಅಕ್ಕ ಬಂದಳು. ಹೊಟ್ಟೆಯ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಗುಣವಾಗದೆಂದು ಅಲ್ಲಿಯ ಆಸ್ಪತ್ರೆಯಲ್ಲೇ ಹೇಳಿ ಕಳಿಸಿದ್ದರು. ಕಾಶಿಯಲ್ಲಿ ಸಾಯಲು ಬಂದ ಪುಣ್ಯವಂತೆ ಎಂದು ನೆರೆಯವರು ಕೈಮುಗಿದರೆ, ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದ್ದ ಅಕ್ಕ, ತಾನು ಬಂದಿದ್ದು ತಂಗಿಯ ಮನೆಗೆಂದು ಅಚ್ಚ ಹಿಂದಿಯಲ್ಲಿ ತಿದ್ದುತ್ತಿದ್ದಳು.

ಒಂದು ಮಧ್ಯಾಹ್ನ ಟಿವಿಯಲ್ಲಿ ಯಾವುದೋ ದೇಶದ ಸಂಸತ್ತಿನ ಸುದ್ದಿ. ಸಾವು ಖಚಿತವಾದ ರೋಗಿ ತಾನಾಗಿ ಕೇಳಿದರೆ ಜೀವ ಬಿಡಲು ಔಷಧಿ ಕೊಡಬಹುದೇ ಎಂಬ ಚರ್ಚೆ.

"ನಮ್ಮಲ್ಲಿ ಇದು ಯಾವಾಗ ಬರತೈತಿ?" ಎಂದಳು ಅಕ್ಕ.

ನಾನು ಟಿವಿ ಆರಿಸಿದೆ. "ಇಂಥಾ ಮಾತು ಆಡಬ್ಯಾಡ."

"ನೀ ಟಿವಿ ಆರಿಸಿದ್ರ ನನ್ನ ಹೊಟ್ಟಿ ಉರಿ ಆರತೈತೇನು?"

ಗೋದೌಲಿಯಾ ಕಡೆಯ ನಮ್ಮ ಮಠದ ಹಿರಿಯ ಸ್ವಾಮಿಗಳು ಆಗೀಗ ಅವಳನ್ನು ನೋಡಲು ಬರುತ್ತಿದ್ದರು. ಅವರಾದರೂ ಬುದ್ಧಿ ಹೇಳಲಿ ಎಂದು ಅವರ ಮುಂದೆ ಮಾತು ತೆಗೆದೆ. ಅವರು ಅಕ್ಕನ ಕಡೆ ತಿರುಗಿದರು.

"ಕೊಟ್ಟಾಂವ ಶಿವ, ಒಯ್ಯಾಂವನೂ ಅವನ ಅಂತ ನಂಬೀನಿ. ಆದ್ರ ನಮ್ಮ ಗುರುಗಳು ನೋವು ತಾಳಲಾರದ ಚೀರಿದ್ದನ್ನೂ ಕೇಳೀನಿ. ನಿಂದು ತಪ್ಪು ಅಂತ ಹ್ಯಾಂಗ ಅನ್ನಲಿ, ತಾಯಿ?"

"ಸಾಯಾಕ ಅಂಜಿಲ್ಲರೀ ಅಜ್ಜಾರ," ಎಂದಳು ಅಕ್ಕ. "ಆಸ್ಪತ್ರ್ಯಾಗ ಗಂಟಲಕ್ಕ ಕೊಳವಿ ಹಾಕಿ, ಕೈ ಕಟ್ಟಿ ಮಲಗಸತಾರಲ್ಲ, ಅದಕ್ಕ ಅಂಜತೇನಿ."

ಅಷ್ಟು ದಿನ ಜೊತೆಗಿದ್ದೂ ಆ ಹೆದರಿಕೆ ನನಗೆ ಗೊತ್ತಿರಲಿಲ್ಲ.

ಮರುದಿನ ಅಕ್ಕನನ್ನು ನೋಡುತ್ತಿದ್ದ ಡಾಕ್ಟರನ್ನು ಕೇಳಿದೆ. ಸಾಯಲು ಔಷಧಿ ಕೊಡುವುದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ, ಆದರೆ ಕೊಳವೆ, ಯಂತ್ರ ಬೇಡವೆನ್ನುವ ಹಕ್ಕು ಆಕೆಗಿದೆ, ಮನೆಯಲ್ಲೇ ಇರಲಿ ಎಂದರು. ನೋವಿಗೆ ಮಾರ್ಫಿನ್ ಶುರುವಾಯಿತು. ಅಕ್ಕ ಗಂಜಿ ಕುಡಿದಳು, ನನ್ನಿಂದ ತಲೆ ಬಾಚಿಸಿಕೊಂಡಳು. ಒಂದು ಬೆಳಿಗ್ಗೆ ಆಟೋದಲ್ಲಿ ಸಾರನಾಥಕ್ಕೆ ಹೋಗಿ ಹುಲ್ಲಿನ ಮೇಲೆ ಬಿಸಿಲಿಗೆ ಕೂತೆವು.

"ನೋವು ಕಡಿಮಿ ಆಗೇತಿ. ಮನಸ್ಸು ಬದಲಾಗಿಲ್ಲ, ತಿಳಕೋ," ಎಂದಳು. "ಆ ಕಾನೂನು ಇರಬೇಕು."

"ಇದ್ದಿದ್ರ ನನ್ನ ಬಿಟ್ಟು ಹೋಗತಿದ್ದೇನು?"

"ಇವತ್ತಂತೂ ಇಲ್ಲ. ಬಿಸಲು ಛಲೋ ಐತಿ." ನಕ್ಕು, ಆಮೇಲೆ ಕೇಳಿದಳು: "ನಾ ಹೋಗತೇನಿ ಅಂದಿದ್ರ ನೀ ಬ್ಯಾಡ ಅಂತಿದ್ದೇನು?"

"ಗೊತ್ತಿಲ್ಲಕ್ಕ. ಕೈ ಹಿಡಕೊಂಡು ಬಾಜೂಕ ಕೂಡತಿದ್ದೆ."

"ಅಷ್ಟ ಮಾಡು."

ಕೊನೆಯ ವಾರ ಸುಲಭವಿರಲಿಲ್ಲ. ಔಷಧಿಯನ್ನೂ ಮೀರಿ ನೋವು ಬಂದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಆಗೆಲ್ಲ ಅವಳು ಹೇಳಿದ್ದೇ ಸರಿ ಅನಿಸುತ್ತಿತ್ತು. ನಿದ್ದೆ ಹತ್ತಿದರೆ, ಇನ್ನೊಂದು ದಿನ ಇರಲಿ ಅನಿಸುತ್ತಿತ್ತು. ಡಾಕ್ಟರು ಮನೆಗೇ ಬಂದು ಔಷಧಿ ಹೆಚ್ಚಿಸಿದರು. ನಾನು ಹತ್ತಿಯಿಂದ ತುಟಿ ಒದ್ದೆ ಮಾಡುತ್ತಿದ್ದ ಒಂದು ಬೆಳಿಗ್ಗೆ ಅಕ್ಕ ಹೋದಳು.

ಸುಡಲು ಹರಿಶ್ಚಂದ್ರ ಘಾಟ್ ಇಷ್ಟು ಹತ್ತಿರವಿದ್ದೂ ಮಣ್ಣು ಮಾಡುವುದೇಕೆ ಎಂದು ನೆರೆಯವರು ಕೇಳಿದರು. ನಮ್ಮ ಲಿಂಗಾಯತರಲ್ಲಿ ಹಾಗೇ ಎಂದೆ. ಸಂಜೆ ಪಕ್ಕದ ಮನೆಯಾಕೆ ಬಿಸಿ ಖಿಚಡಿ ತಂದಿಟ್ಟು, ನಾನು ಉಣ್ಣುವವರೆಗೂ ಏಳಲಿಲ್ಲ.