ಗುಲಾಬಿಯ ಕಾಯಿ ಎಣಿಸುವ ಮಿಶನ್ನು

ಕಿರಿಮಂಜೇಶ್ವರದ ಹೆದ್ದಾರಿ ಬದಿಯಲ್ಲಿ ಗುಲಾಬಿಯ ರಿಪೇರಿ ಅಂಗಡಿ ಇದೆ. ಪಂಪಿನ ಸ್ಟಾರ್ಟರ್, ಮಿಕ್ಸಿ, ಮಂಗಳಾರತಿಯ ಹೊತ್ತಿಗೆ ಕರೆಂಟಿನಲ್ಲಿ ಬಾರಿಸುವ ನಗಾರಿ, ಎಲ್ಲವೂ ಅವಳ ಮೇಜಿಗೆ ಬರುತ್ತವೆ. ಹತ್ತನೇ ತರಗತಿಗೆ ಶಾಲೆ ಬಿಟ್ಟು ಮೋಟರಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದವಳು. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತ, ತಿಳಿದವರನ್ನು ಕೇಳುತ್ತ, ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಉಳಿದದ್ದನ್ನು ಕಲಿತಳು. ಬೆಳಿಗ್ಗೆ ಗಣಪತಿ ಪಟಕ್ಕೆ ದಾಸವಾಳ ಇಡದೆ ಅವಳು ಸೋಲ್ಡರಿಂಗ್ ಕಡ್ಡಿ ಬಿಸಿಗೆ ಹಾಕುವುದಿಲ್ಲ.

ಚೌತಿ ಹತ್ತಿರ ಬಂದಾಗ ಪಕ್ಕದ ತೆಂಗಿನಕಾಯಿ ಮಂಡಿಯ ಪ್ರೇಮಾನಂದ, ಕಾಯಿ ಎಣಿಸುವ ಮಿಶನ್ನೊಂದನ್ನು ಮಾಡಿಕೊಡು ಎಂದು ಕೇಳಿದ. ಮಂಡಿಯಲ್ಲಿ ಎಣಿಸುವವಳು ನಾಗು. ಕೈಗೊಂದರಂತೆ ಹಿಡಿದು ಜೋಡಿ ಜೋಡಿಯಾಗಿ ಗೋಣಿಗೆ ಹಾಕುತ್ತಾಳೆ. ನೂರು ತುಂಬಿದರೆ ಗುರುತಿಗೆ ಒಂದು ಕಾಯಿ ಬದಿಗಿಟ್ಟು ಮತ್ತೆ ಮೊದಲಿನಿಂದ ಶುರು. ಈಚೆಗೆ ಅವಳ ಕಣ್ಣಿನ ಪೊರೆ ತೆಗೆಸಿದ್ದಾರೆ. ವಯಸ್ಸಾದವಳಿಗೆ ಹಬ್ಬದ ಹೊರೆ ಸ್ವಲ್ಪ ಇಳಿಯಲಿ ಎಂಬುದು ಪ್ರೇಮಾನಂದನ ಯೋಚನೆ.

ಮಿಶನ್ನನ್ನು ಮಂಡಿಗೆ ತಂದ ದಿನ ನಾಗು ಅದರ ಸುತ್ತ ಒಂದು ಸುತ್ತು ಬಂದಳು. ಕಾಯಿ ಉರುಳಲು ಒಂದು ಜಾರುಹಲಗೆ, ಅದರ ಒಂದು ಬದಿಯಲ್ಲಿ ಸಣ್ಣ ದೀಪ, ಎದುರು ಬದಿಯಲ್ಲಿ ಆ ಬೆಳಕನ್ನು ನೋಡುವ ಕಣ್ಣು. ಪೆಟ್ಟಿಗೆಯೊಳಗೆ ಮೈಕ್ರೋಕಂಟ್ರೋಲರ್ ಎಂಬ ಕಪ್ಪು ಚಿಪ್.

“ಇದ್ರೊಳ್ಗೆ ಒಂದ್ ಎಣ್ಸು ಡಬ್ಬಿ ಇತ್ತ್, ನಾಗಕ್ಕ,” ಎಂದಳು ಗುಲಾಬಿ. “ಕಾಯಿ ಬೆಳಕಿಗೆ ಅಡ್ಡ ಬಂದ್ರೆ ಒಂದ್ ಸೇರ್ಸತ್ತ್. ಆರೆ ಇನ್ನೂರ ಐವತ್ತೈದರ್ ಮೇಲೆ ಅದ್ರಗೆ ಹಿಡೂದಿಲ್ಲೆ. ಮತ್ತೊಂದ್ ಬಂದ್ರೆ ಸೊನ್ನೆ.”

“ಹಂಗಾರೆ ಎಣ್ಸಿದ್ದೆಲ್ಲ ಹೊಳಿಗ್ ಹೋಯ್ತಾ?”

“ಇಲ್ಲೆ. ಸೊನ್ನೆ ಆಪ್ ಹೊತ್ತಿಗೆ ಅದ್ ಒಳ್ಗೇ ಗುರ್ತಿಗೆ ಒಂದ್ ಬಾವುಟ ಎತ್ತತ್ತ್. ಬಾವುಟ ಕಂಡ್ ಕೂಡ್ಲೆ ಬೇರೆ ಡಬ್ಬಿಗೆ ಒಂದ್ ಹಾಕುಕೆ ಹೇಳಿದೆ. ನೀವ್ ಬದಿಗಿಡು ಕಾಯಿ ಇತ್ತಲೆ, ಹಂಗೆ.”

“ನನ್ ಬುದ್ಧಿ ಕದ್ದದ್ದಾ ಹಂಗಾರೆ!” ಎಂದು ನಾಗು ಎಲೆ ತುಂಬಿದ ಬಾಯಲ್ಲಿ ನಕ್ಕಳು.

ಆ ದಿನ ಕಾಯಿಗಳು ಹಲಗೆಯ ಮೇಲೆ ಒಂದೊಂದಾಗಿ ಉರುಳಿದವು. ಕೆಳಗೆ ನಾಗು ಎಂದಿನಂತೆ ಎಣಿಸಿ ತುಂಬಿಸಿದಳು. ಸಂಜೆ ನೋಡಿದರೆ ಮಿಶನ್ನಿನ ಲೆಕ್ಕ ಅವಳ ಲೆಕ್ಕಕ್ಕಿಂತ ಬಹಳ ಹೆಚ್ಚು. ಬ್ರಹ್ಮಾವರದ ವ್ಯಾಪಾರಿಯ ಲಾರಿ ಕಾಯುತ್ತಿತ್ತು. ಪ್ರೇಮಾನಂದ ಮಿಶನ್ನಿನ ಲೆಕ್ಕವನ್ನೇ ಹೇಳಿ ಲೋಡು ಕಳಿಸಿದ. ನಾಗುವಿಗೆ ಅವನು ಏನೂ ಅನ್ನಲಿಲ್ಲ. ಅವಳೇ ಬಾಯಿಬಿಟ್ಟಳು.

“ಪ್ರೇಮಣ್ಣ, ನಂಗಿನ್ ಆತಿಲ್ಲೆ. ಕಣ್ಣ್ ಇಷ್ಟ್ ತಪ್ಪುಕೆ ಶುರುವಾದ್ ಮೇಲೆ ಕೂಕಂಡ್ ಎಂತ ಮಾಡೂದ್? ನಾಳಿಂದ ಬತ್ತಿಲ್ಲೆ.”

“ಸುಮ್ನಿರಿ ಮಾರಾಯ್ರೆ. ನಾಕ್ ಕಾಯಿ ಹೆಚ್ಚ್ಕಮ್ಮಿ ಆರೆ ಲೋಕ ಮುಳ್ಗತ್ತಾ?”

“ನಾಕ್ ಅಲ್ಲ ಅದ್,” ಎಂದು ನಾಗು ಸೆರಗು ಹೊದ್ದು ಹೊರಟೇಬಿಟ್ಟಳು.

ವಿಷಯ ಕೇಳಿ ಗುಲಾಬಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಮನೆಯ ಕಾಯಿಗಳನ್ನು ಎಷ್ಟೋ ಸಲ ಉರುಳಿಸಿ ನೋಡಿದ್ದಳು, ಒಮ್ಮೆಯೂ ತಪ್ಪಿರಲಿಲ್ಲ. ನಾಗುವಿನ ಕೈ ತಪ್ಪಿದ್ದನ್ನೂ ಅವಳು ಕೇಳಿದವಳಲ್ಲ. ತಾನು ಕಟ್ಟಿದ ಪೆಟ್ಟಿಗೆಯ ಮಾತು ನಂಬಿ ಒಬ್ಬ ಹೆಂಗಸು ತನ್ನ ಕಣ್ಣನ್ನೇ ನಂಬದೆ ಎದ್ದುಹೋದಳಲ್ಲ ಎಂಬುದು ಅವಳನ್ನು ಕೊರೆಯಿತು. ದೇವರಿಗೆ ಕೈಮುಗಿದು ನಿಂತರೂ ನಾಗಕ್ಕ ಮರಳಿ ಬರಲಿ ಎಂಬುದರ ಹೊರತು ಬೇರೆ ಏನೂ ಬೇಡಿಕೊಳ್ಳಲು ತೋಚಲಿಲ್ಲ.

ಬೆಳಿಗ್ಗೆ ಅವಳು ನಾಗುವಿನ ಅಂಗಳಕ್ಕೇ ಹೋದಳು.

“ಎಣ್ಸುದ್ ಬ್ಯಾಡ ನಾಗಕ್ಕ, ಬಂದ್ ಕೂಕಣಿ ಸಾಕ್. ಇವತ್ ಪರೀಕ್ಷೆ ನಂಗೆ, ನಿಮ್ಗಲ್ಲ.”

“ಚಾ ಕುಡ್ಸ್ತ್ಯಾ?”

“ಬನ್ಸೂ ಕೊಡ್ಸ್ತೆ.”

ಮಂಡಿಯಲ್ಲಿ ಗುಲಾಬಿ ರಾಶಿಯಿಂದ ಒಂದು ಕಾಯಿ ತೆಗೆದು ಉರುಳಿಸಿದಳು. ಒಂದು. ಇನ್ನೊಂದು ಉರುಳಿಸಿದಳು. ಎರಡು. ಮೂರನೆಯದಕ್ಕೆ ಮಿಶನ್ನು ನಾಲ್ಕು ತೋರಿಸಿತು.

“ಅದಕ್ಕೂ ಪೊರೆ ಬಂತಾ ಎಂತ?” ಎಂದಳು ನಾಗು.

ಗುಲಾಬಿ ನಗಲಿಲ್ಲ. ಅದೇ ಕಾಯಿಯನ್ನು ಮತ್ತೆ ಬಿಟ್ಟು, ಹಲಗೆಗೆ ಕೆನ್ನೆ ತಾಗಿಸಿ ನೋಡಿದಳು. ಕಾಯಿ ದಾಟಿತು, ಬೆಳಕು ಬಿತ್ತು. ಕೂಡಲೇ ಹಿಂದಿನಿಂದ ತಿರುಗಿ ಬಂದ, ಕಾಯಿಯ ತುದಿಯ ನಾರಿನ ಜುಟ್ಟು ಆ ಬೆಳಕನ್ನು ಇನ್ನೊಮ್ಮೆ ಮುಚ್ಚಿತು. ಪಾಪ, ಮಿಶನ್ನು ಜುಟ್ಟನ್ನೂ ಒಂದು ಕಾಯಿ ಎಂದುಕೊಂಡಿತ್ತು.

ಮನೆಯಲ್ಲಿ ಅವಳು ಉರುಳಿಸಿದ್ದು ತುರಿಯಲೆಂದು ಜುಟ್ಟು ಕಿತ್ತಿಟ್ಟ ಕಾಯಿಗಳನ್ನು. ಚೌತಿಗೆ ಹೋಗುವುದು ದೇವರ ಕಾಯಿ. ಜುಟ್ಟಿಲ್ಲದ್ದು ಪೂಜೆಗೆ ನಡೆಯುವುದಿಲ್ಲ. ವಾರ ವಾರ ದೇವಸ್ಥಾನಕ್ಕೆ ಹಣ್ಣುಕಾಯಿ ಒಯ್ಯುವ ತನಗೇ ಇದು ಹೊಳೆಯಲಿಲ್ಲವಲ್ಲ ಎಂದು ಗುಲಾಬಿ ಹಣೆ ಚಚ್ಚಿಕೊಂಡಳು.

ಚಿಪ್‌ನಲ್ಲಿ ಅಂಥದೇ ಇನ್ನೊಂದು ಎಣಿಕೆಯ ಡಬ್ಬಿ ಖಾಲಿ ಕೂತಿತ್ತು. ಹೊರಗಿನಿಂದ ಬಂದದ್ದನ್ನು ಎಣಿಸಿದರೆ ಅದು ಕೌಂಟರ್. ಚಿಪ್‌ನ ಒಳಗೇ ಒಂದೇ ಸಮನೆ ಮಿಡಿಯುವ ಬಡಿತವನ್ನು ಎಣಿಸಿದರೆ ಅದೇ ಟೈಮರ್. ಬಡಿತದ ನಡುವಿನ ಹೊತ್ತು ಗೊತ್ತಿರುವುದರಿಂದ ಎಣಿಕೆಯೇ ಗಡಿಯಾರವಾಗುತ್ತದೆ. ಆ ಡಬ್ಬಿಗೆ ಗುಲಾಬಿ ಕೆಲಸ ಕೊಟ್ಟಳು. ಒಂದು ಕಾಯಿ ಎಣಿಸಿದೊಡನೆ ಟೈಮರ್ ಓಡಬೇಕು. ಅದು ತುಂಬಿ ಬಾವುಟ ಎತ್ತುವವರೆಗೆ ಬೆಳಕಿಗೆ ಏನು ಅಡ್ಡ ಬಂದರೂ ಲೆಕ್ಕಕ್ಕಿಲ್ಲ. ಜುಟ್ಟು ದಾಟಲು ಅಷ್ಟು ಹೊತ್ತು ಸಾಕು. ಮುಂದಿನ ಕಾಯಿ ಬರುವುದು ಅದಕ್ಕಿಂತ ತಡವಾಗಿ.

ಮಧ್ಯಾಹ್ನ ಒಂದು ರಾಶಿಯನ್ನು ಹಲಗೆಗೆ ಬಿಟ್ಟರು. ಎಣಿಸುವುದಿಲ್ಲ ಎನ್ನುತ್ತಲೇ ನಾಗು ಕೆಳಗೆ ಕೂತು ಎಣಿಸಿದಳು. ಎರಡೂ ಲೆಕ್ಕ ಒಂದೇ ಬಂತು. ಪ್ರೇಮಾನಂದ ಚಪ್ಪಾಳೆ ತಟ್ಟಿದ.

“ಒಂದ್ಸಲ ಸರಿ ಬಂದ್ರೆ ಎಂತ ಆಯ್ತ್? ಇನ್ನೊಂದ್ ರಾಶಿ ಬಿಡಿ,” ಎಂದಳು ನಾಗು.

ಅದೂ ತಾಳೆಯಾಯಿತು. ಅವಳು ಕೊನೆಯ ಗೋಣಿಯ ಬಾಯಿ ಕಟ್ಟಿದಳು. ಆಮೇಲೆ ಧಡಕ್ಕನೆ ಎದ್ದಳು.

“ಹ್ವಾಯ್ ಪ್ರೇಮಣ್ಣ, ನಿನ್ನೆ ಬ್ರಹ್ಮಾವರಕ್ಕೆ ಹೋದ್ ಲೋಡ್? ಅವ್ರಿಗೆ ಕಾಯಿ ಕಮ್ಮಿ ಹೋಯ್ತಲೆ!”

“ಹೌದಲೆ... ಎಷ್ಟ್ ಕಮ್ಮಿ ಅಂದೇಳಿ ಈಗ ಹ್ಯಾಂಗ್ ಗೊತ್ತಾಪ್ದ್?”

“ನಾನ್ ಎಣ್ಸಿದ್ದಲ್ದಾ! ನನ್ ಲೆಕ್ಕ ನಂಗ್ ನೆನ್ಪಿತ್ತ್.”

ಪ್ರೇಮಾನಂದ ಫೋನ್ ತೆಗೆದ. “ತಪ್ಪ್ ನನ್ ಮಿಶನ್ನಿಂದ್ ಅಂದೇಳಿ ಹೇಳಿ,” ಎಂದಳು ಗುಲಾಬಿ. ಅಷ್ಟರಲ್ಲಿ ನಾಗು ಖಾಲಿ ಗೋಣಿ ಕೊಡವಿ ಅವಳ ಕೈಗೆ ತುರುಕಿದ್ದಳು.

“ಕಮ್ಮಿ ಹೋದ್ದ್ ತುಂಬುಕಿತ್ತ್, ಬಾಯಿ ಅಗ್ಲ ಮಾಡಿ ಹಿಡಿ ಹೆಣ್ಣೆ. ನಡುವಲ್ಲಿ ಮಾತಾಡ್ಸ್ಬೇಡ.”

ಗುಲಾಬಿ ಹಿಡಿದಳು. ಜುಟ್ಟಿನ ಕಾಯಿಗಳು ಜೋಡಿ ಜೋಡಿಯಾಗಿ ಗೋಣಿಗೆ ಬೀಳತೊಡಗಿದವು.