ರೈಲಿಲ್ಲದ ಊರಿನ ರೈಲು ಮ್ಯೂಸಿಯಂ

ಮೊಮ್ಮಗಳು ಯಾವುದೋ ಊರಿನ ರೈಲ್ವೆ ಮ್ಯೂಸಿಯಂ ನೋಡಿ ಬಂದು ನನ್ನ ಫೋನಿಗೆ ರಾಶಿ ಫೋಟೋ ಹಾಕಿದ್ದಾಳೆ. ಕೆಳಗೆ ‘ಅಜ್ಜಿ, ನೀನು ಇಂಥದ್ದು ನೋಡಿರಲಿಕ್ಕಿಲ್ಲ’ ಎಂದು ಬೇರೆ ಬರೆದಿದ್ದಾಳೆ. ನೋಡುವುದೇನು ಬಂತು, ನಾನು ಮದುವೆಯಾಗಿ ಬಂದದ್ದೇ ಒಂದು ರೈಲ್ವೆ ಮ್ಯೂಸಿಯಮ್ಮಿಗೆ. ಈಗಷ್ಟೇ ಟೈಪು ಕಲಿತಿದ್ದೇನೆ, ಒಂದೇ ಬೆರಳು ಓಡುತ್ತದೆ. ಇರಲಿ, ಶಿರಸಿಗೆ ರೈಲು ಬರುವುದರೊಳಗೆ ಬರೆದು ಮುಗಿಸುತ್ತೇನೆ. ಅವಸರವೇನೂ ಇಲ್ಲ.

ಅರವತ್ತರ ದಶಕದ ಶುರು. ಸಿದ್ದಾಪುರದ ಹತ್ತಿರ ನಮ್ಮ ಮನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ ಒಂದು ಮೊಳ ಹಳಿ ಸಿಗುತ್ತಿರಲಿಲ್ಲ, ನಮ್ಮ ಜಗುಲಿಯಲ್ಲಿ ಬಿಟ್ಟು. ಅಲ್ಲಿ ಸಿಗುತ್ತಿತ್ತು. ನನ್ನ ಮಾವಯ್ಯ ತಾಳಗುಪ್ಪದ ಸ್ಟೇಶನ್ನಿನಿಂದ ಬೇಡಿ ತಂದದ್ದು. ಹಳಿಯ ತುಂಡಿನ ಪಕ್ಕ ಕೆಂಪು ಗಾಜು ಒಡೆದ ಲಾಟೀನು, ಕಾಲು ಮುರಿದ ಪ್ಲಾಟ್‌ಫಾರಂ ಬೆಂಚು, ಹಿತ್ತಾಳೆ ತಟ್ಟೆಯಲ್ಲಿ ಎಂಜಿನ್ನಿನ ಕಲ್ಲಿದ್ದಲು. ಬಂದವರು ಕಾಲು ತೊಳೆದುಕೊಂಡೇ ನೋಡಬೇಕು. ಕಲ್ಲಿದ್ದಲಿಗೆ ಕೊಳೆ ತಾಗಬಾರದಲ್ಲ!

ಮಾವಯ್ಯನ ವಿವರಣೆ ಅರ್ಧ ದಿನದ್ದು. ಎಂಜಿನ್ನು ಎಷ್ಟು ನೀರು ಕುಡಿಯುತ್ತದೆ, ಗಾರ್ಡು ಏಕೆ ಹಿಂದೆ ಕೂರುತ್ತಾನೆ, ಎಲ್ಲ ಹೇಳುತ್ತಿದ್ದರು. ಯಲ್ಲಾಪುರದಿಂದಲೂ ಜನ ಬಂದು ಬಾಯಿ ಬಿಟ್ಟು ಕೇಳುತ್ತಿದ್ದರು. ಒಂದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ: ತಾವು ಒಮ್ಮೆಯೂ ರೈಲು ಹತ್ತಿಲ್ಲವೆಂದು. ತಾಳಗುಪ್ಪಕ್ಕೆ ರೈಲು ಬರುವುದನ್ನು ನೋಡಿದ್ದರು. ಹೊರಡುವುದನ್ನು ನೋಡೋಣವೆಂದರೆ ಅಷ್ಟರಲ್ಲಿ ಸಿದ್ದಾಪುರದ ಬಸ್ಸು ಹೊರಟುಬಿಡುತ್ತಿತ್ತು. ಇದು ಅತ್ತೆಗೆ ಗೊತ್ತಿತ್ತು, ಹಾಗಾಗಿ ನನಗೂ ಗೊತ್ತಿತ್ತು. ಜಗುಲಿಗೆ ಬರುವವರಿಗೆ ಗೊತ್ತಾದರೆ ಮಾವಯ್ಯನ ಮರ್ಯಾದೆ ಮೂರು ತಾಲೂಕಿನಲ್ಲೂ ಹರಾಜು.

ಹಾಗಿರುವಾಗ ಸಾಗರದಲ್ಲಿ ನನ್ನ ಅಕ್ಕನ ಮಗುವಿನ ನಾಮಕರಣ ಬಂತು. ನನ್ನ ಗಂಡನಿಗೆ ಪುರಸೊತ್ತಿಲ್ಲ, ಮಾವಯ್ಯನೇ ಕರೆದುಕೊಂಡು ಹೋಗಬೇಕು.

"ಬಸ್ಸಲ್ಲೇ ಕರ್ಕಂಡು ಹೋಗಿ" ಎಂದರು ಅತ್ತೆ.

"ರೈಲು ಬಲ್ಲವ ಮನೇಲಿ ಇದ್ಕಂಡು ಸೊಸೆ ಬಸ್ಸಲ್ಲಿ ಹೋಗವಾ? ಜನ ಎಂತ ಹೇಳ್ಗು?"

"ಜನ ಎಂತ ಹೇಳ್ಗು ಹೇಳೇ ಆನೂ ಕೇಳದು" ಎಂದು ಅತ್ತೆ ಅವಲಕ್ಕಿ, ಮೊಸರು, ಬಾಳೆಲೆ ಕಟ್ಟಿ ಕೊಟ್ಟರು.

ತಾಳಗುಪ್ಪ ಆ ಹಳಿಯ ಕೊನೆಯ ಸ್ಟೇಶನ್ನು. ರೈಲು ಬಂತು, ಜನ ಇಳಿದರು, ನಾವು ಹತ್ತಿದೆವು. ನಾನು ಕಿಟಕಿ ಬದಿಗೆ. ಮಾವಯ್ಯ ಹಲಗೆಯನ್ನು ಬೆರಳಿನಿಂದ ತಟ್ಟಿ, "ಗಟ್ಟಿ ಇದ್ದು" ಎಂದು ಎದುರು ಕೂತವರಿಗೆ ಸರ್ಟಿಫಿಕೇಟು ಕೊಟ್ಟರು. ಅಷ್ಟರಲ್ಲಿ ಮುಂದೆ ಏನೋ ಧಡಲ್ಲೆಂದಿತು. ನೋಡಿದರೆ ಎಂಜಿನ್ನು ಡಬ್ಬಿಗಳನ್ನು ಬಿಟ್ಟು ತಾನೊಂದೇ ಹೊರಟಿದೆ.

ಮಾವಯ್ಯ ಎದ್ದು ನಿಂತರು. ಅವರ ಆಯುಷ್ಯವೆಲ್ಲ ಎತ್ತಿನ ಗಾಡಿಯಲ್ಲಿ ಕಳೆದದ್ದು. ನಮ್ಮ ಕಡೆ ದಾರಿಯಲ್ಲಿ ಎತ್ತು ಬಿಚ್ಚಿದರೆಂದರೆ ಊಟದ ಹೊತ್ತು. ಎತ್ತಿಗೆ ಹುಲ್ಲು ನೀರು, ಜನರಿಗೆ ಎಲೆ. ಆಮೇಲೆ ಸಾವಕಾಶ ಹೂಡಿದರಾಯಿತು.

"ಬಿಚ್ಚಿದ್ದ ನೋಡು. ಇನ್ನು ಅದು ನೀರು ಕುಡ್ದು ಬರವು. ಇಳಿ, ಊಟ ಮಾಡ್ಕಂಬನ."

"ಮಾವಯ್ಯ, ಇವೆಲ್ಲ ಕೂತೇ ಇದ್ವಲಿ?"

"ಅವ್ಕೆಂತ ಗೊತ್ತಿದ್ದು!"

ಎದುರು ಕೂತವರೊಬ್ಬರು ಶಿರಸಿಯ ಸಾಬರು, ಲಾರಿ ವ್ಯಾಪಾರದವರು. "ಇಳೀಬೇಡ್ರಿ ಭಟ್ರೇ. ಇಂಜಿನ್ನು ಸುತ್ತಾಕ್ಕೊಂಡು ಆ ಕಡಿಗೆ ಬರ್ತದ್ರಿ" ಎಂದರು. ಮಾವಯ್ಯ ಅವರನ್ನು ಕರುಣೆಯಿಂದ ನೋಡಿದರು. ಮ್ಯೂಸಿಯಂ ಇಟ್ಟವರಿಗೆ ಲಾರಿಯವರು ಪಾಠ ಹೇಳುವುದೇ? ನಾನು ಹೊಟ್ಟೆ ನೋವೆಂದು ಸುಳ್ಳು ಹೇಳಿ ಅಲ್ಲೇ ಕೂತೆ. ಹತ್ತಿದ ರೈಲು ಇಳಿಯಲು ನನಗೇನು ಹುಚ್ಚೇ!

ಮಾವಯ್ಯ ನಲ್ಲಿಯಲ್ಲಿ ಕಾಲು ತೊಳೆದು, ಮರದ ಕೆಳಗೆ ಎಲೆ ಹಾಸಿ, ಮೊಸರು ಕಲಸಿ, ಮೊದಲ ತುತ್ತು ಎತ್ತಿದರು. ಎಂಜಿನ್ನು ರೈಲಿನ ಹಿಂದಿನ ತುದಿಯಿಂದ ಸೀಟಿ ಹೊಡೆಯಿತು. ಕಿಟಕಿಯ ಆಚೆ ಮಾವಯ್ಯ, ಎಲೆ, ಮರ ಎಲ್ಲ ಸಾವಕಾಶವಾಗಿ ಸರಿಯತೊಡಗಿದವು. ಊಟದ ಎಲೆಯಿಂದ ನಡುವೆ ಏಳುವಂತಿಲ್ಲವಲ್ಲ. ಅವರು ಕೂತಲ್ಲಿಂದಲೇ ಎಡಗೈ ಎತ್ತಿದರು, ನಮ್ಮೂರಿನ ಬಸ್ಸಿಗೆ ಎತ್ತುವ ಹಾಗೆ. ರೈಲಿಗೆ ಪಾಪ ಅವರ ಪರಿಚಯ ಇರಲಿಲ್ಲ.

ಸಾಗರದ ಸ್ಟೇಶನ್ನಿಗೆ ಅಣ್ಣ ಬಂದಿದ್ದ, ನನಗೇನೂ ಕಷ್ಟವಾಗಲಿಲ್ಲ. ಸಂಜೆ ಮಾವಯ್ಯ ಬಸ್ಸಿನಲ್ಲಿ ಧೂಳು ಮೆತ್ತಿಕೊಂಡು ಬಂದವರು, ಅಕ್ಕನ ಮನೆಯ ಮೆಟ್ಟಿಲು ಹತ್ತುವ ಮೊದಲೇ ನನ್ನನ್ನು ಹತ್ತಿರ ಕರೆದರು.

"ಒಳಗೆ ಎಂತ ಹೇಳಿದ್ಯೆ, ಕೂಸೆ?"

"ಎಂತದೂ ಹೇಳಿದ್ನಿಲ್ಲೆ, ಮಾವಯ್ಯ. ಹಿಂದಿಂದ ಬತ್ತ ಹೇಳಿದ್ದೆ, ಅಷ್ಟೇಯ."

ಅವರು ದೊಡ್ಡದೊಂದು ಉಸಿರು ಬಿಟ್ಟರು. ಆಮೇಲೆ ದನಿ ಇಳಿಸಿ, "ಓಡಕಾರೆ ಹ್ಯಾಂಗೆ ಆಗ್ತೇ?" ಎಂದರು. ಮೆಟ್ಟಿಲ ಬುಡದಲ್ಲೇ ನಿಂತು, ರೈಲು ಓಡುವಾಗ ಹೇಗಾಗುತ್ತದೆಂದು ಎಲ್ಲ ಹೇಳಿದೆ. ಅವರ ಕಣ್ಣು ಬೇರೆ ಎಲ್ಲೋ ಇತ್ತು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಊರಿಗೆ ಬಂದ ಮೇಲೆ ಯಲ್ಲಾಪುರ ತಾಲೂಕಿನ ಇಡಗುಂದಿ ಕಡೆಯ ನೆಂಟರೊಬ್ಬರು ಮ್ಯೂಸಿಯಂ ನೋಡಲು ಬಂದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. "ರೈಲಲ್ಲಿ ಸಾಗರಕ್ಕೆ ಹೋಗಿದ್ರಡ ಅಲ್ದಾ?" ಎಂದರು. ನಾನೂ ಅತ್ತೆಯೂ ಬಾಗಿಲ ಸಂದಿನಲ್ಲಿ ಉಸಿರು ಹಿಡಿದು ನಿಂತೆವು.

ಮಾವಯ್ಯ ಕೆಮ್ಮಿದರು. "ಆನು ತಾಳಗುಪ್ಪದಲ್ಲೇ ಇಳ್ದೆ. ಕೆಲಸ ಇತ್ತು" ಎಂದರು. ಸುಳ್ಳೆನ್ನಲು ಯಾರಿಗೂ ಸಾಧ್ಯವಿರಲಿಲ್ಲ. ನಂತರ ಒಳಗೆ ತಿರುಗಿ ಕರೆದರು, "ಕೂಸೆ, ಹೊರಗೆ ಬಾ. ರೈಲು ಓಡದು ಹ್ಯಾಂಗೆ ಹೇಳಿ ಇವ್ಕೆ ನೀನೇ ಹೇಳು."

ಗಂಡಸರು ಕೂತ ಜಗುಲಿಗೆ ಸೊಸೆ ಬಂದು ಬಾಯಿ ಬಿಡುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ನಾನು ಸೆರಗು ಸರಿ ಮಾಡಿಕೊಂಡು ಹೋಗಿ ನಿಂತೆ. ಗಾಲಿಯ ಸದ್ದಿನಿಂದ ಶುರು ಮಾಡಿದೆ. ಸಾಗರಕ್ಕೆ ಅರ್ಧ ದಾರಿಯೂ ಆಗಿರಲಿಲ್ಲ, ಒಳಗಿನಿಂದ ಅತ್ತೆ, "ಚಾ ಆತು, ಯಾರಾರೂ ತಗಂಡು ಹೋಗ್ರೋ" ಎಂದು ಕೂಗಿದರು. ನಾನು ಅಲುಗಲಿಲ್ಲ.

ಮಾವಯ್ಯ ಎದ್ದು ಹೋಗಿ ಚಹಾ ತಂದರು.