ಗಿರಣಿ ನಿಂತ ಮೇಲೊಂದು ಆಮೆನ್

ಕೊರೊನಾ ಕಳೆದು, ಕುಂದಗೋಳದ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ರವಿವಾರದ ಆರಾಧನೆ ಮತ್ತೆ ಶುರುವಾದ ವರ್ಷ ನಡೆದದ್ದು ಇದು. ನಾವಿರುವುದು ಗುಡಗೇರಿಯಲ್ಲಿ. ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಮಕ್ಕಳಿಲ್ಲ. ನಾನು, ನನ್ನ ಗಂಡ, ಮನೆಯ ಬಾಜು ಅವರ ಹಿಟ್ಟಿನ ಗಿರಣಿ, ಇಷ್ಟೇ ನಮ್ಮ ಸಂಸಾರ.

ಮದುವೆಯಾದಾಗಿನಿಂದ ನಮ್ಮಲ್ಲೊಂದು ರೂಢಿ. ಸಂಜೆ ಗಿರಣಿಯ ಸಪ್ಪಳ ನಿಂತ ಕೂಡಲೇ ನಾನು ಚಾಪೆ ಹಾಸುತ್ತಿದ್ದೆ. ಅವರು ಕೈಕಾಲು, ಮುಖ ತೊಳೆದು ಬಂದು ಕೂಡುತ್ತಿದ್ದರು. ಎಷ್ಟು ತೊಳೆದರೂ ಹುಬ್ಬಿನಲ್ಲಿ ಹಿಟ್ಟು ಉಳಿದೇ ಇರುತ್ತಿತ್ತು. ಒಂದು ದಿನ ಅವರು ಪ್ರಾರ್ಥಿಸಿದರೆ ಮರುದಿನ ನಾನು. ಒಬ್ಬರು ಬೇಡಿಕೊಂಡಾದ ಮೇಲೆ ಇನ್ನೊಬ್ಬರು 'ಆಮೆನ್' ಅನ್ನಬೇಕು, ಹಾಗೇ ಆಗಲಿ ಅಂತ. ಇನ್ನೊಬ್ಬರ ಆಮೆನ್ ಬೀಳುವ ತನಕ ಪ್ರಾರ್ಥನೆ ಮುಗಿಯಿತು ಅಂತ ನನಗೆ ಅನಿಸುತ್ತಲೇ ಇರಲಿಲ್ಲ.

ಒಂದು ರವಿವಾರ ಬೆಳಿಗ್ಗೆ ಓಣಿಯ ಒಂದು ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಗೋಧಿ ಬೀಸಿಕೊಡಿರಿ ಅಂತ ಅಂಗಲಾಚಿದರು. ಇವರು ಬೀಸಿಕೊಟ್ಟು, ಅದೇ ಬಟ್ಟೆಯಲ್ಲಿ ಓಡಿ ಬಂದು ಬಸ್ಸು ಹತ್ತಿದರು. ಸಭೆಯ ಹಿರಿಯರೊಬ್ಬರು ಎಲ್ಲರೆದುರು ಅಂದುಬಿಟ್ಟರು: "ರವಿವಾರನೂ ಗಿರಣಿ ಬಿಡಂಗಿಲ್ಲೇನ್ರಿ? ದೇವರ ಮನಿಗಿ ಹಿಟ್ಟ ಮೆತ್ಕೊಂಡ ಬಂದೀರಲ್ಲ!" ನಾಲ್ಕು ಜನ ನಕ್ಕರು. ಇವರು ಹಾಡು ಶುರುವಾಗುವಾಗ ಎದ್ದು ಹೋದರು. ಮತ್ತೆ ಸಭೆಯ ಕಡೆ ಹಾಯಲಿಲ್ಲ.

ಹಿರಿಯರು ಹಾಗೆ ಅನ್ನಬಾರದಿತ್ತು, ಖರೆ. ಆದರೆ ಒಂದು ಮಾತಿಗೆ ತಿಂಗಳುಗಟ್ಟಲೆ ಮುನಿಸಿಕೊಂಡು ಕೂಡುವುದು ಯಾವ ನ್ಯಾಯ? ನಾನು ವರಾತ ಹಚ್ಚಿದೆ. ರೊಟ್ಟಿ ಬಡಿಸುವಾಗ ಅದೇ ಮಾತು, ಚಹಾ ಕೊಡುವಾಗ ಅದೇ ಮಾತು. "ಜನ ಕೇಳ್ತಾರ್ರೀ, ನಾ ಏನ್ ಹೇಳ್ಲಿ? ನಾ ಒಬ್ಬಾಕೀನ ಎಷ್ಟ ದಿನಾ ಹೋಗ್ಲಿ?" ಅವರದು ಒಂದೇ ಉತ್ತರ: "ತಲಿ ತಿನ್ನಬ್ಯಾಡ."

ನಮ್ಮ ಸಭೆಯ ಮಾರ್ಥಾ ಆಯಿ ಎಂಬ ಮುದುಕಿಗೆ ಇದು ಗೊತ್ತಾಯಿತು. ಆರಾಧನೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಕೈ ಹಿಡಿದು ಹೇಳಿದಳು: "ಗಂಡನ ಮುಂದ ಹೇಳೂದ ಬಿಡವಾ. ದೇವರ ಮುಂದ ಹೇಳು."

ಅಗದಿ ಸರಿ ಅನಿಸಿತು. ಅವತ್ತಿನಿಂದ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಸಂಜೆ ಚಾಪೆಯ ಮೇಲೆ ಕೂತು, ಗಟ್ಟಿ ದನಿಯಲ್ಲಿ ದೇವರಿಗೇ ಹೇಳಿದೆ: "ಕರ್ತನೇ, ಈ ಮನಿಯಾಗ ಒಬ್ಬರು ಹಟಾ ಹಿಡದ ಕುಂತಾರ. ಅವರು ಯಾರಂತ ನಿನಗ ಗೊತ್ತೈತಿ. ಅವರ ಕಲ್ಲಿನಂಥಾ ಮನಸ ಕರಗಿಸು. ಬರೂ ರವಿವಾರ ಮುಂಜಾನಿ ಒಂಬತ್ತರ ಬಸ್ಸಿಗೆ ಅವರನ್ನ ಹತ್ತಿಸು." ದೇವರಿಗೆ ಬಸ್ಸಿನ ಟೈಮನ್ನೂ ಹೇಳಿದ ಹೆಂಗಸು ನಾನು! ಹೇಳುತ್ತ ಒಂದು ಕಣ್ಣು ಅರ್ಧ ತೆರೆದು ಅವರ ಮುಖ ನೋಡುತ್ತಿದ್ದೆ.

ನನ್ನ ಪಾಳಿಯ ಮೂರ್ನಾಲ್ಕು ಸಂಜೆ ಅವರು ಸುಮ್ಮನೆ ಆಮೆನ್ ಅಂದರು. ಆಮೇಲೊಂದು ಸಂಜೆ ಅನ್ನಲಿಲ್ಲ. ನಾನು ಕಾದೆ. ಅವರು ಎದ್ದು ನಿಂತು ಕೇಳಿದರು: "ನೀ ದೇವರ ಜೋಡಿ ಮಾತಾಡಾಕತ್ತೀಯೋ, ಅವನ್ನ ನಡುವ ಕುಂದರಿಸಿ ನನ್ನ ಜೋಡಿ ಜಗಳಾ ತಗದೀಯೋ? ಇದಕ್ಕ ನಾ ಆಮೆನ್ ಅನ್ನಂಗಿಲ್ಲ."

ಮರುದಿನ ಗಿರಣಿ ನಿಂತಿತು. ಚಾಪೆ ಹಾಸಿದೆ. ಅವರು ಬರಲಿಲ್ಲ. ಗಿರಣಿಯಲ್ಲೇ ಖಾಲಿ ಚೀಲದ ಮೇಲೆ ಕೂತಿದ್ದರು. ಊಟದ ಹೊತ್ತಿಗೆ ಬಂದು, ಉಂಡು, ಮಲಗಿದರು. ಅಂದಿನಿಂದ ದಿನಾ ಅದೇ ಆಯಿತು.

ಅಯ್ಯೋ, ಆ ಸಂಜೆಗಳು! ರವಿವಾರ ಬಸ್ಸಿನಲ್ಲಿ ಒಬ್ಬಳೇ ಅನ್ನುವುದು ಅಭ್ಯಾಸವಾಗಿತ್ತು. ಈಗ ಮನೆಯಲ್ಲೂ ಒಬ್ಬಳೇ. ನಾನೇ ಬೇಡಿಕೊಂಡು ನಾನೇ ಆಮೆನ್ ಅನ್ನಬೇಕು. ಹಾಗೆ ಅಂದಾಗ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸುತ್ತಿತ್ತು. ಆದರೂ ನನ್ನ ಹಟವೇನು ಕಡಿಮೆಯೇ? ಗಿರಣಿಗೆ ಕೇಳಲಿ ಅಂತಲೇ ದನಿ ಏರಿಸಿ ಪ್ರಾರ್ಥಿಸುತ್ತಿದ್ದೆ.

ಒಂದು ಸಂಜೆ ಹಾಗೆ ಪ್ರಾರ್ಥಿಸುತ್ತಿದ್ದಾಗ ಪಕ್ಕದ ಮನೆಯ ಬಸವ್ವ ಬಾಗಿಲಿಗೆ ಬಂದಳು. ಒಳಗೆ ಹಣಕಿ ನೋಡಿ, ಗಾಬರಿಯಾಗಿ ಕೇಳಿದಳು: "ಒಳಗ ಯಾರೂ ಇಲ್ಲಲ್ರಿ ಅಕ್ಕಾರ. ಯಾರಿಗಿ ಬೈಯಾಕತ್ತೀರಿ?"

'ಪ್ರಾರ್ಥನೆ ಮಾಡುತ್ತಿದ್ದೇನೆ' ಅನ್ನಬೇಕೆಂದರೆ ಬಾಯಿಯೇ ಬರಲಿಲ್ಲ. ಅವಳು ಹೆಪ್ಪಿಗೆ ಒಂದಿಷ್ಟು ಮೊಸರು ಇಸಿದುಕೊಂಡು ಹೋದಳು. ನಾನು ಬಾಗಿಲು ಮುಂದೆ ಮಾಡಿ ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ.

ಮರುದಿನದಿಂದ ಬಾಯಿ ಮುಚ್ಚಿ ಪ್ರಾರ್ಥಿಸತೊಡಗಿದೆ. ಮೊದಮೊದಲು ಮನಸ್ಸಿನೊಳಗೂ ಜಗಳವೇ ನಡೆದಿತ್ತು. ಕೇಳುವವರಿಲ್ಲದ ಜಗಳ ಎಷ್ಟು ದಿನ ನಡೆದೀತು? ತಾನೇ ಸೋತು ಸುಮ್ಮನಾಯಿತು. ಆಮೇಲೆ ಅಡಿಯಲ್ಲಿದ್ದದ್ದು ಮೇಲೆ ಬಂತು. ಅವರು ಸಭೆಗೆ ಬರುವುದಿಲ್ಲ ಅನ್ನುವುದಕ್ಕಿಂತ ಹೆಚ್ಚಾಗಿ, ಹೆಂಗಸರ ಸಾಲಿನಲ್ಲಿ ಎಲ್ಲರ ಪ್ರಶ್ನೆಗೆ ನಾನೊಬ್ಬಳೇ ಉತ್ತರ ಹೇಳಬೇಕಲ್ಲ, ಅದೇ ನನ್ನ ಸಂಕಟವಾಗಿತ್ತು. ನಾಲ್ಕು ಜನ ನಕ್ಕಾಗ ಅವರಿಗೆ ಹೇಗಾಗಿರಬೇಡ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಅವರನ್ನು ಬದಲಿಸು ಅನ್ನುವ ಮಾತು ಬಿಟ್ಟೆ. "ಕರ್ತನೇ, ನನಗ ಒಬ್ಬಾಕಿಗೇ ಇರಾಕ ಆಗವಲ್ದು. ಅವರಿಗೂ ಆಗಿರಂಗಿಲ್ಲ" ಅಂತಷ್ಟೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಹೀಗೆ ಎಷ್ಟು ದಿನ ಕಳೆದವೋ. ಹಿಂಗಾರಿ ಬಿತ್ತನೆ ನಡೆದಿದ್ದ ಕಾಲ. ಒಂದು ಸಂಜೆ ಗಿರಣಿ ನಿಂತಿತು. ನಾನು ಕಣ್ಣು ಮುಚ್ಚಿ ಕೂತಿದ್ದೆ. ಹೊರಗೆ ಚಪ್ಪಲಿ ಬಿಟ್ಟ ಸಪ್ಪಳ, ಬಚ್ಚಲಿನಲ್ಲಿ ನೀರಿನ ಸಪ್ಪಳ. ಆಮೇಲೆ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ನನ್ನ ಬಾಜುವೇ ಬಂದು ಕೂತಿತು.

"ಅಂತೂ ಬಂದ್ರೇನು?" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆಗೂ ನುಂಗಿಕೊಂಡೆ. ಕಣ್ಣು ತೆರೆದರೆ ಏನಾದರೂ ಅಂದುಬಿಡುತ್ತೇನೆ ಅಂತ ಹೆದರಿ ಕಣ್ಣನ್ನೂ ತೆರೆಯಲಿಲ್ಲ. ನನ್ನ ಪ್ರಾರ್ಥನೆಯ ಒಂದಕ್ಷರವೂ ಹೊರಗೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಅವರು ಮೆಲ್ಲಗೆ ಅಂದರು:

"ಆಮೆನ್."

ಏನು ಬೇಡಿಕೊಂಡೆ ಅಂತ ಕೇಳಲಿಲ್ಲ. "ಹಸಿವಾಗೇತಿ, ಬಡಸ್ತೀಯೇನು?" ಅಂದರು. ಕಣ್ಣೀರು ಕಾಣಬಾರದೆಂದು ಲಗುಲಗು ಅಡುಗೆಮನೆಗೆ ಹೋದೆ. ಅವತ್ತೂ ಅವರ ಹುಬ್ಬಿನಲ್ಲಿ ಹಿಟ್ಟಿತ್ತು.

ಅವರು ಇವತ್ತಿಗೂ ಸಭೆಗೆ ಬಂದಿಲ್ಲ. ಒಂಬತ್ತರ ಬಸ್ಸಿಗೆ ನಾನೊಬ್ಬಳೇ ಹೋಗುತ್ತೇನೆ, ಬಾಜುವಿನ ಸೀಟಿನಲ್ಲಿ ಯಾರೋ ಸಂತೆಯ ಚೀಲ ಇಟ್ಟುಕೊಂಡು ಕೂಡುತ್ತಾರೆ. ಯಾಕೆ ಒಬ್ಬರೇ ಅಂತ ಕೇಳಿದರೆ "ಮನಿಯಾಗ ಅದಾರ್ರಿ" ಅನ್ನುತ್ತೇನೆ. ಬೇಸರವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಸಂಜೆ ಗಿರಣಿ ನಿಂತ ಮೇಲೆ ಅವರು ಬಂದು ಕೂಡುತ್ತಾರೆ. ನಾನು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ತಮ್ಮ ಕಿವಿಗೆ ಬೀಳದ ಆ ಪ್ರಾರ್ಥನೆಗೆ ಅವರು ಆಮೆನ್ ಅನ್ನುತ್ತಾರೆ.